ಹೆಬ್ಬೆಟ್ಟಿನ ಉತ್ತರ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಮುಂದುಗಡೆ ಗಾಜಿನ ಕಪಾಟುಗಳ ನಡುವೆ ಯಜಮಾನರು ಗಿರಾಕಿಗಳ ಎದುರು ಕನ್ನಡಿ ಹಿಡಿದು, "ನಿಮ್ಮ ಮುಖಕ್ಕೆ ಇದೇ ಒಪ್ಪೋದು" ಎಂದು ಉದ್ದ ಮುಖದವರಿಗೂ ದುಂಡು ಮುಖದವರಿಗೂ ಒಂದೇ ಮಾತು ಹೇಳುತ್ತಿರುತ್ತಾರೆ. ಪರದೆಯ ಹಿಂದೆ ಅತ್ತೆ, ಆ ಮುಖಗಳನ್ನು ನೋಡದೆಯೇ, ಅವರವರ ಗಾಜನ್ನು ಅವರವರ ಫ್ರೇಮಿಗೆ ಕೂರಿಸುತ್ತಾಳೆ.

ಕೋಣೆ ಚಿಕ್ಕದು. ಒಂದು ಕಿಟಕಿ, ಅದರ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಕುತ್ತಿಗೆ ಬಗ್ಗಿಸಿದ ದೀಪ. ಎಳ್ಳುಕಾಳಿನಷ್ಟು ಸ್ಕ್ರೂಗಳು ತುಂಬಿದ ಡಬ್ಬಿಗಳು. ಮೂಲೆಯಲ್ಲಿ ಗಾಜು ಉಜ್ಜುವ ಚಕ್ರ. ಅದು ತಿರುಗುವಾಗ ಮೇಲಿಂದ ನೀರು ಹನಿಯುತ್ತಿರುತ್ತದೆ, ಬೆಳ್ಳಗಿನ ಕೆಸರು ಕೆಳಗಿನ ತಟ್ಟೆಗೆ ಇಳಿಯುತ್ತದೆ. ಸ್ಕ್ರೂ ಕೈಜಾರಿ ನೆಲಕ್ಕೆ ಬಿದ್ದರೆ ಅತ್ತೆ ಕಾಲು ಎತ್ತುವುದಿಲ್ಲ. ಬಿದ್ದ ಸದ್ದು ಯಾವ ಕಡೆಯಿಂದ ಬಂತೆಂದು ಒಂದು ಗಳಿಗೆ ಕಿವಿಗೊಟ್ಟು ನಿಂತು, ಆಮೇಲೆ ಬಗ್ಗುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ ಒಳಗೆ ಬಂದರೆ ಅವರೂ ಇದ್ದಲ್ಲೇ ಇರಬೇಕು. ಯಜಮಾನರೂ ಎಷ್ಟೋ ಸಲ ಬಾಗಿಲಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದಾರೆ.

ಇಷ್ಟು ತಾಳ್ಮೆಯವಳು, ಫೋನಿನಲ್ಲಿ ಒಂದು ಸಾಲು ಬರೆಯಬೇಕೆಂದರೆ ಬೆವರುತ್ತಾಳೆ.

ಅದು ಫೋನಿನಿಂದ ಬಂದ ಹೆದರಿಕೆಯಲ್ಲ, ಚಿಕ್ಕವಳಿದ್ದಾಗಿನಿಂದ ಇದ್ದದ್ದೇ ಎಂದು ಅಜ್ಜಿ ಹೇಳುತ್ತಾಳೆ. ಸೋಪು ತಾ ಎಂದು ಕಳಿಸಿದರೆ ಬರಿಗೈಯಲ್ಲಿ ವಾಪಸು ಬರುತ್ತಿದ್ದಳಂತೆ. ಯಾಕೆ ಎಂದರೆ, ಒಂದು ಸಲ ಕೇಳಿದೆ, ಅಂಗಡಿಯವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಕೇಳಿದರೆ ಬೈದರೆ ಎಂದು ಬಂದುಬಿಟ್ಟೆ ಅನ್ನುತ್ತಿದ್ದಳಂತೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಕಿವಿಯವರೆಗೆ ಮಾತ್ರ ಏಳುತ್ತಿತ್ತು. ಮೇಷ್ಟ್ರು ನೋಡಿದರೆ ಕಿವಿ ಕೆರೆದುಕೊಳ್ಳುತ್ತಿರುವಂತೆ ಕಾಣುತ್ತಿತ್ತು.

ಎದುರಿಗೆ ಮನುಷ್ಯರಿದ್ದರೆ ಅವರ ಮುಖ ನೋಡಿ ಅರ್ಧ ತಿಳಿಯುತ್ತದೆ. ಫೋನಿಗೆ ಮುಖವಿಲ್ಲ. ಹಾಗಾಗಿ ಅತ್ತೆ ಪ್ರತಿ ಮಾತಿನ ಮುಖವನ್ನೂ ತಾನೇ ಊಹಿಸಿಕೊಳ್ಳಬೇಕು. ಬರೀ 'ಸರಿ' ಎಂದು ಬರೆದರೆ ಸಿಟ್ಟಿನಲ್ಲಿ ಬರೆದಂತೆ ಕಾಣುತ್ತದೆ. 'ಸರಿ ಸರಿ' ಅಂದರೆ ಸಾಕು ನಿಲ್ಲಿಸು ಅಂದಂತೆ. 'ಸರಿ, ಹಾಗೇ ಆಗಲಿ' ಅಂದರೆ ಮನಸ್ಸಿಲ್ಲದೆ ಒಪ್ಪಿದಂತೆ. ಇಷ್ಟು ಹೊತ್ತಿಗೆ ಆ ಕಡೆಯವರು, ತರಕಾರಿ ತರಲಾ ಬೇಡವಾ ಎಂದು ಕೇಳಿದ ನಮ್ಮಪ್ಪ, ತರಕಾರಿ ಇಲ್ಲದೆ ಮನೆಗೆ ಬಂದಿರುತ್ತಿದ್ದರು.

ಕಷ್ಟಪಟ್ಟು ಕಳಿಸಿದ ಮೇಲೆ ಇನ್ನೊಂದು ಕಷ್ಟ. ಫೋನನ್ನು ಮಗುಚಿ ಅಕ್ಕಿ ಡಬ್ಬದ ಮೇಲಿಟ್ಟು, ಅದರ ಮೇಲೊಂದು ಬಟ್ಟೆ ಹೊದಿಸಿ, ಗಿಡಗಳಿಗೆ ನೀರು ಹಾಕಲು ಹೋಗಿಬಿಡುತ್ತಿದ್ದಳು. ಒಂದು ದಿನ ಅಜ್ಜಿ ಆ ಬಟ್ಟೆ ಎತ್ತಿ ನೋಡಿ, "ಮೊಟ್ಟೆ ಕಾವಿಗಿಟ್ಟ ಹಾಗಿದೆಯಲ್ಲೇ. ಮರಿ ಯಾವಾಗ ಆಗುತ್ತೆ?" ಎಂದು ಕೇಳಿದಳು. ಅತ್ತೆ ನಗಲಿಲ್ಲ. ಗಿಡಗಳು ಮಾತ್ರ ಆ ವರ್ಷ ಚೆನ್ನಾಗಿ ಬೆಳೆದವು.

ಅಂಗಡಿಯ ಫೋನಿನ ವಿಷಯ ಬೇರೆ. ತಯಾರಾದ ಕನ್ನಡಕಗಳನ್ನು ಸಂಜೆ ಸಾಲಾಗಿ ಜೋಡಿಸಿಟ್ಟು, ಅವುಗಳ ಗಿರಾಕಿಗಳಿಗೆಲ್ಲ ತಿಳಿಸುವುದು ಅತ್ತೆಯದೇ ಕೆಲಸ. ಅದಕ್ಕೊಂದು ಸಿದ್ಧ ಮಾತು ಇದೆ: 'ನಿಮ್ಮ ಕನ್ನಡಕ ರೆಡಿ. ಏಳು ಗಂಟೆಯೊಳಗೆ ಬಂದು ಹಾಕಿಕೊಂಡು ನೋಡಿ. ಸರಿ ಇಲ್ಲದಿದ್ದರೆ ನಮ್ಮ ಮುಖಕ್ಕೇ ಹೇಳಿ.' ಇದನ್ನು ಅತ್ತೆ ಚೂರೂ ಅಳುಕದೆ ಡಾಕ್ಟರಿಗೂ ಕಳಿಸುತ್ತಾಳೆ, ಪೊಲೀಸರಿಗೂ ಕಳಿಸುತ್ತಾಳೆ. ಉತ್ತರ ಬಂದರೂ ಸರಿ, ಬಾರದಿದ್ದರೂ ಸರಿ. ಹೇಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಅದನ್ನು ಕಳಿಸುವುದು ಅಂಗಡಿ, ತಾನಲ್ಲ ಅಂದಳು.

ಆ ಸಿದ್ಧ ಮಾತನ್ನು ಬರೆದಿಟ್ಟವಳು ಅತ್ತೆಯ ಗೆಳತಿ. ಗಾಜು ಉಜ್ಜುವ ಕೆಲಸದವಳು. ಇಬ್ಬರೂ ಹತ್ತು ವರ್ಷದ ಮೇಲೆ ಆ ಒಂದೇ ಮೇಜಿನಲ್ಲಿ ಕೂತಿದ್ದರು. ಇವಳು ಅವಳನ್ನು ಚಕ್ರ ಎಂದು ಕರೆಯುತ್ತಿದ್ದಳು, ಅವಳು ಇವಳನ್ನು ಸ್ಕ್ರೂ ಎಂದು. ಗೆಳತಿಯದು ಅಗಲ ಮುಖ, ದೊಡ್ಡ ದನಿ. ಚಕ್ರದ ಕರಕರ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆ ದನಿ ಹಾಗಾಗಿತ್ತೋ, ಮೊದಲಿಂದಲೇ ಹಾಗಿತ್ತೋ ಯಾರಿಗೂ ಗೊತ್ತಿಲ್ಲ. ಊಟಕ್ಕೆ ಕೂತಾಗಲೂ ಅದೇ ದನಿಯಲ್ಲಿ ಗುಟ್ಟು ಹೇಳುತ್ತಿದ್ದಳು; ಮುಂದುಗಡೆ ಕೂತ ಗಿರಾಕಿಗಳಿಗೆಲ್ಲ ಅವಳ ನಾದಿನಿಯ ಸಮಾಚಾರ ಬಾಯಿಪಾಠವಾಗಿತ್ತು. ಅತ್ತೆ ಜೀವನದಲ್ಲಿ ಲೆಕ್ಕ ಹಾಕದೆ, ತೂಗಿ ನೋಡದೆ ಬಾಯಿ ಬಿಟ್ಟು ಮಾತಾಡಿದ್ದೇನಾದರೂ ಇದ್ದರೆ ಅವಳ ಜೊತೆಗೆ ಮಾತ್ರ. ಸಂಜೆ ಮನೆಗೆ ಬಂದಾಗ ಅತ್ತೆಯ ಮುಖದಲ್ಲಿ ಬೆಳಗಿನ ಹರಟೆಯ ನಗು ಇನ್ನೂ ಆರಿರುತ್ತಿರಲಿಲ್ಲ.

ಚಕ್ರ ಅಂಗಡಿ ಬಿಟ್ಟಳು. ಜಗಳವೇನೂ ಇಲ್ಲ. ಸೇತುವೆಯ ಆಚೆ ಹೊಸ ಬಡಾವಣೆಯಲ್ಲಿ ಅವಳೂ ಗಂಡನೂ ಮನೆ ಮಾಡಿದರು, ಅಲ್ಲೇ ಹತ್ತಿರದ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ಅತ್ತೆಯ ಬೆನ್ನಿಗೊಂದು ಗುದ್ದು ಕೊಟ್ಟು, ನನ್ನ ಚಕ್ರಾನ ಚೆನ್ನಾಗಿ ನೋಡ್ಕೋ ಎಂದು ಹೇಳಿ ಹೋಗಿದ್ದಳು. ಆಮೇಲೆ ಹೊಸ ಮನೆಯ ಊಟಕ್ಕೆ ಎಲ್ಲರನ್ನೂ ಕರೆದಳು. ಆ ಕರೆ ಬಂದದ್ದು ಅಂಗಡಿಯವರೆಲ್ಲ ಇರುವ ಗುಂಪಿಗೆ: 'ಭಾನುವಾರ ಎಲ್ರೂ ಮನೆಗೆ ಊಟಕ್ಕೆ ಬನ್ನಿ.'

'ಎಲ್ರೂ' ಎಂಬುದರಲ್ಲಿ ತಾನಿದ್ದೇನೋ ಇಲ್ಲವೋ ಎಂದು ಅತ್ತೆ ನಾಲ್ಕು ದಿನ ಯೋಚಿಸಿದಳು. ಯಜಮಾನರಿಗೆ ಕಳಿಸಿದ ಮಾತೇ ನನಗೂ, ಹತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ಬೇರೆ ಒಂದು ಮಾತು ಕಳಿಸುತ್ತಿರಲಿಲ್ಲವೇ, ಕಳಿಸಿಲ್ಲವೆಂದರೆ ಬಂದರೂ ಆಯ್ತು ಬಿಟ್ಟರೂ ಆಯ್ತು ಎಂದೇ ಅಲ್ಲವೇ. ಆ ಬೇರೆ ಮಾತಿಗಾಗಿ ಶನಿವಾರ ಸಂಜೆಯವರೆಗೂ ಕಾದಳು. ಭಾನುವಾರ ಬಟ್ಟೆ ಬದಲಿಸಿ, ತಲೆ ಬಾಚಿ, ಚಪ್ಪಲಿ ಹಾಕಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತವಳು ಅಲ್ಲಿಂದ ಏಳಲಿಲ್ಲ.

ತಪ್ಪಾಯಿತೆಂದು ಸೋಮವಾರದ ಹೊತ್ತಿಗೆ ಅನಿಸಿತು. ಕ್ಷಮೆ ಕೇಳಿ ಬರೆಯಲು ಕೂತಳು. ಬರೆದಳು, ಅಳಿಸಿದಳು, ಒಂದು ಪದ ಮೆತ್ತಗಾಯಿತೆಂದು ತೆಗೆದಳು, ಇನ್ನೊಂದು ಸಲುಗೆ ಜಾಸ್ತಿಯಾಯಿತೆಂದು ತೆಗೆದಳು. ಕೊನೆಗೆ ಹೋದದ್ದು ಇದು: 'ಕಾರಣಾಂತರಗಳಿಂದ ತಮ್ಮ ನೂತನ ಮನೆಯ ಊಟಕ್ಕೆ ಬರಲಾಗಲಿಲ್ಲ. ದಯವಿಟ್ಟು ಅನ್ಯಥಾ ಭಾವಿಸಬಾರದಾಗಿ ವಿನಂತಿ. ತಮಗೂ ತಮ್ಮ ಮನೆಯವರಿಗೂ ಶುಭವಾಗಲಿ.'

ಉತ್ತರವಾಗಿ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಮಾತಿಲ್ಲ, ಹೆಬ್ಬೆಟ್ಟು ಅಷ್ಟೇ.

ಆ ಹೆಬ್ಬೆಟ್ಟನ್ನು ಅತ್ತೆ ಒಂದು ವರ್ಷಕ್ಕೂ ಮೇಲೆ ನೋಡಿದಳು. ಕೆಲವು ದಿನ ಅದು 'ಪರವಾಗಿಲ್ಲ ಬಿಡು' ಎನ್ನುವಂತೆ ಕಾಣುತ್ತಿತ್ತಂತೆ. ಹೆಚ್ಚಿನ ದಿನ 'ನಿನ್ನ ಸಹವಾಸ ಸಾಕು' ಎನ್ನುತ್ತಿತ್ತಂತೆ. ಅದರ ಕೆಳಗೆ ಏನನ್ನೂ ಬರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಆ ಕಡೆಯಿಂದಲೂ ಏನೂ ಬರಲಿಲ್ಲ. ಅಂಗಡಿಯಲ್ಲಿ ಚಕ್ರದ ಮುಂದೆ ಈಗ ಅತ್ತೆಯೇ ಕೂರುತ್ತಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಉಜ್ಜುವುದು, ಮಧ್ಯಾಹ್ನದಿಂದ ಕೂರಿಸುವುದು. ಚಕ್ರದ ಸದ್ದಿನ ಮೇಲೆ ಕೂಗಿ ಹೇಳುವಂಥದ್ದು ಯಾವುದೂ ಉಳಿದಿರಲಿಲ್ಲ. ಮನೆಗೆ ಬಂದಾಗ ಚೆನ್ನಾಗಿಯೇ ಇರುತ್ತಿದ್ದಳು, ಬೇಸರವನ್ನು ಯಾರ ಮೇಲೂ ಸುರಿಯುವವಳಲ್ಲ. ಅಜ್ಜಿ ಮಾತ್ರ ಆಗಾಗ, ಆ ಗಂಟಲಿನವಳು ಈಗ ಎಲ್ಲಿದ್ದಾಳೆ ಎಂದು ಕೇಳುತ್ತಿದ್ದಳು. ಅತ್ತೆ ಕೇಳಿಸದವಳ ಹಾಗೆ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಅಂಗಡಿಗೆ ಬಂದ ಹೊಸ ಸರಕಿನಲ್ಲಿ ಒಂದು ಹಸಿರು ಫ್ರೇಮ್ ಇತ್ತು. ಅಗಲವಾದದ್ದು. ಮಾಮೂಲಿ ಫ್ರೇಮುಗಳು ಚಕ್ರಳ ಕಪಾಳದ ಎರಡೂ ಕಡೆ ಒತ್ತಿ ಗೆರೆ ಮೂಡಿಸುತ್ತಿದ್ದವು. ಫ್ರೇಮ್ ಕಂಪನಿಯವರಿಗೆ ನನ್ನ ತಲೆ ಮೇಲೇ ಕಣ್ಣು ಎಂದು ಅವಳು ಬೈದುಕೊಳ್ಳದ ದಿನವಿರಲಿಲ್ಲ. ಅತ್ತೆ ಆ ಹಸಿರು ಫ್ರೇಮನ್ನು ಎರಡು ಕೈಯಲ್ಲಿ ಹಿಡಿದು ಅಗಲ ನೋಡಿದಳು. ಯಜಮಾನರನ್ನು ಕೇಳಿ ತನಗೆಂದು ತೆಗೆದಿಟ್ಟುಕೊಂಡಳು. ಚಕ್ರಳ ಕಣ್ಣಿನ ಪವರು ಅತ್ತೆಗೆ ಕಂಠಪಾಠ. ಅವಳ ಕನ್ನಡಕಗಳನ್ನೆಲ್ಲ ಕೂರಿಸಿದ್ದೇ ಇವಳು. ಊಟದ ಬಿಡುವಿನಲ್ಲಿ ಗಾಜು ಉಜ್ಜಿದಳು. ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಮೆದುಮಾಡಿ, ಗಾಜು ಕೂರಿಸಿ, ಆರಲು ಬಿಟ್ಟಳು. ಅಂಚಿನಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು.

ಕನ್ನಡಕವೇನೋ ತಯಾರಾಯಿತು. ಅದನ್ನು ತಿಳಿಸುವುದು ಹೇಗೆ?

ತನ್ನ ಫೋನು ತೆಗೆದು ಹೆಬ್ಬೆಟ್ಟಿನ ಕೆಳಗೆ ಬರೆಯತೊಡಗಿದಳು. 'ಹೇಗಿದ್ದೀಯ' ಎಂದು ಬರೆದರೆ, ಇಷ್ಟು ದಿನ ಕೇಳದವಳು ಈಗ ಯಾಕೆ ಎಂದುಕೊಂಡಾಳು. 'ನಿನಗೊಂದು ಫ್ರೇಮ್ ಬಂದಿದೆ' ಎಂದರೆ ವ್ಯಾಪಾರಕ್ಕೆ ಬಂದಳು ಎಂದುಕೊಂಡಾಳು. ಒಂದು ವಾರ ಬರೆಯುವುದು, ಅಳಿಸುವುದು ನಡೆಯಿತು. ಮನೆಯಲ್ಲಿ ಹಾಲು ಎರಡು ಸಲ ಉಕ್ಕಿತು. ಒಂದು ಸಂಜೆ ಅಂಗಡಿಯ ಫೋನು ಹಿಡಿದು ಎಂದಿನಂತೆ ಗಿರಾಕಿಗಳಿಗೆ ಸಿದ್ಧ ಮಾತು ಕಳಿಸುತ್ತಾ ಕೂತಿದ್ದಳು. ಬ್ಯಾಂಕಿನವರಿಗೆ ಹೋಯಿತು, ಬಸ್ ಕಂಡಕ್ಟರಿಗೆ ಹೋಯಿತು, ಯಾರೋ ಟೀಚರಿಗೆ ಹೋಯಿತು. ಆ ಓಟದಲ್ಲೇ, ಕೈ ನಿಲ್ಲಿಸದೆ, ಚಕ್ರಳ ನಂಬರಿಗೂ ಕಳಿಸಿಬಿಟ್ಟಳು. ನಿಮ್ಮ ಕನ್ನಡಕ ರೆಡಿ. ಏಳು ಗಂಟೆಯೊಳಗೆ ಬಂದು ಹಾಕಿಕೊಂಡು ನೋಡಿ.

ಬಂದರೆ ಅಂಗಡಿಗೆ ಬಂದ ಹಾಗೆ, ಬಾರದಿದ್ದರೆ ಅಂಗಡಿಗೆ ಬಾರದ ಹಾಗೆ. ತನಗೇನೂ ತಾಗುವುದಿಲ್ಲ. ಹಾಗೆಂದುಕೊಂಡು ಆ ದಿನ ಹಗುರಾಗಿ ಮನೆಗೆ ಬಂದಳು. ಫೋನಿಗೆ ಬಟ್ಟೆ ಹೊದಿಸಲಿಲ್ಲ, ಯಾಕೆಂದರೆ ಫೋನು ಅಂಗಡಿಯಲ್ಲೇ ಇತ್ತು.

ಮರುದಿನ ಉತ್ತರವನ್ನು ಮೊದಲು ಓದಿದವರು ಯಜಮಾನರು. ಪರದೆ ಸರಿಸಿ ತಲೆ ಒಳಗಿಟ್ಟು, ನಮ್ಮ ಹಳೇ ಚಕ್ರಕ್ಕೆ ತಪ್ಪಿ ಮೆಸೇಜ್ ಹೋಗಿದೆ ನೋಡಮ್ಮ, ಅಂದರು. ಅತ್ತೆ ಫೋನು ಇಸಿದುಕೊಂಡು ನೋಡಿದಳು. 'ನಾನು ಆರ್ಡರ್ ಕೊಟ್ಟಿರಲಿಲ್ಲ. ಪವರ್ ಕೂಡ ಬದಲಾಗಿದೆ.'

ಅಂದು ಮನೆಗೆ ಬಂದವಳು ಚಹಾ ಕುಡಿಯಲಿಲ್ಲ. ಅಡುಗೆಮನೆಯ ಮೇಜಿನಲ್ಲಿ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ಅತ್ತೆ ಅವಳೆದುರು ಕೂತು, ಫ್ರೇಮ್ ಬಂದ ದಿನದಿಂದ ಹಿಡಿದು ಎಲ್ಲ ಹೇಳಿದಳು. ಆ ಎರಡು ಸಾಲನ್ನು ತನ್ನ ಫೋನಿಗೂ ಕಳಿಸಿಕೊಂಡಿದ್ದಳು. ನನಗೆ ತೋರಿಸಿ ಇದು ಸಿಟ್ಟೋ ಅಲ್ಲವೋ ಹೇಳು ಅಂದಳು. ನನಗೂ ತಿಳಿಯಲಿಲ್ಲ. ಬೇರೆಯವರ ಮೆಸೇಜನ್ನು ಗಟ್ಟಿಯಾಗಿ ಓದಿದರೆ ಅದು ನಮ್ಮದೇ ದನಿಯಲ್ಲಿ ಕೇಳಿಸುತ್ತದೆ.

ಅಜ್ಜಿ ಬಟಾಣಿ ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು. "ಬರಲ್ಲ ಅಂದ್ಲಾ?"

"ಇಲ್ಲ."

"ನನ್ನ ತಂಟೆಗೆ ಬರಬೇಡ ಅಂದ್ಲಾ?"

"ಹಾಗೇನೂ ಅಂದಿಲ್ಲ."

"ಮತ್ತೆ ಏನಂದ್ಲು?"

"ಪವರ್ ಬದಲಾಗಿದೆ ಅಂತ."

"ಗಿರಾಕಿ ಬಂದು ಹಾಗಂದ್ರೆ ಅಂಗಡೀಲಿ ಏನು ಮಾಡ್ತೀಯ? ಅಳ್ತಾ ಕೂರ್ತೀಯಾ?"

"ಈಗ ಎಷ್ಟಾಗಿದೆ ಅಂತ ಕೇಳ್ತೀನಿ."

"ಕೇಳು ಮತ್ತೆ," ಅಂದಳು ಅಜ್ಜಿ. ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿ, ಬೇಕಾದರೆ ನಿನ್ನ ಅಂಗಡಿಯ ಫೋನಿನಲ್ಲೇ ಕೇಳು ಎಂದೂ ಸೇರಿಸಿದಳು.

ಆ ಕೊನೆಯ ಮಾತು ಅತ್ತೆಗೆ ಚುಚ್ಚಿರಬೇಕು. ಅಂಗಡಿಯ ಹೆಸರಿನಲ್ಲಿ ಕೇಳಿದ್ದಕ್ಕೆ ಅಂಗಡಿಗೆ ಹೇಳುವಂಥ ಉತ್ತರ ಬಂದಿದೆ, ತಾನಿನ್ನೂ ಕೇಳಿಯೇ ಇಲ್ಲ, ಎಂದು ಅವಳಿಗೆ ಹೊಳೆದದ್ದು ಆಗಲೇ ಎಂದು ನನಗನಿಸುತ್ತದೆ. ತನ್ನ ಫೋನು ತೆಗೆದು, ಹೆಬ್ಬೆಟ್ಟಿನ ಕೆಳಗೆ, ಒಂದೇ ಪದ ಬರೆದಳು. 'ಎಷ್ಟಾಗಿದ್ಯೇ?'

ಬರೆದು ನೋಡುತ್ತಾ ಕೂತಳು. ಬೆರಳು ಅಳಿಸುವ ಗುಂಡಿಯ ಕಡೆಗೆ ಹೋಯಿತು. ಅಲ್ಲಿಂದ ವಾಪಸು ಬಂದು ಕಳಿಸುವ ಗುಂಡಿ ಒತ್ತಿತು. ಹೋಯಿತು. ಅತ್ತೆ ಮೇಜಿನ ಅಂಚು ಹಿಡಿದುಕೊಂಡಳು, ಕುರ್ಚಿ ಅಲ್ಲಾಡಿದಂತೆ.

ಬಟ್ಟೆ ಹೊದಿಸಲು ಎದ್ದಳೇನೋ ಎಂದುಕೊಂಡೆ. ಎದ್ದದ್ದು ತನ್ನ ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತರಲು. ಬಂದು ಅಜ್ಜಿಯ ಮೂಗಿನ ಮೇಲಿದ್ದ ಕನ್ನಡಕವನ್ನು ಕೇಳದೆ ಕಿತ್ತುಕೊಂಡಳು. ಕಡ್ಡಿಗಳ ಸ್ಕ್ರೂ ಬಿಚ್ಚಿ, ಗಾಜುಗಳನ್ನು ಸೋಪಿನ ನೀರಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಜೋಡಿಸತೊಡಗಿದಳು. ಫೋನು ಮೇಲ್ಮುಖವಾಗಿ ಮೇಜಿನ ಮೇಲೇ ಇತ್ತು. ಎರಡು ನೀಲಿ ಗುರುತು ಬಂದವು. ಆ ಕಡೆಯವಳು ಬರೆಯುತ್ತಿದ್ದಾಳೆಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಅತ್ತೆಯ ಕೈ ಒಂದೇ ಸಮ ನಡೆಯುತ್ತಿತ್ತು. ಎದೆ ಡವಡವ ಎನ್ನುತ್ತಿದೆ ಎಂದು, ಮಳೆ ಬರುವ ಹಾಗಿದೆ ಎನ್ನುವಷ್ಟು ಸಹಜವಾಗಿ ಒಂದು ಸಲ ಹೇಳಿದಳು. ಅಜ್ಜಿ, ಬಡಕೊಳ್ಳಲಿ ಬಿಡು, ಅದರ ಕೆಲಸ ಅದು ಮಾಡುತ್ತೆ, ನೀನು ನನ್ನ ಕಣ್ಣು ಬೇಗ ಕೊಡು ಅಂದಳು.

ಕೊನೆಯ ಸ್ಕ್ರೂ ಬಿಗಿಯುವಾಗ ಉತ್ತರ ಬಂತು. 'ತೋರಿಸಿಲ್ಲ ಇನ್ನೂ. ದೂರದ್ದು ಕಾಣುತ್ತೆ, ಕೈಯಲ್ಲಿರೋದು ಕಾಣಲ್ಲ. ದಿನಾ ಬೇರೆಯವರಿಗೆ ಗಾಜು ಉಜ್ಜೋಳು ನಾನು, ನನಗೇ ಟೈಮಿಲ್ಲ. ನಾಳೆ ಮಧ್ಯಾಹ್ನ ಬರ್ಲಾ?'

ಅತ್ತೆ ಆ 'ಬರ್ಲಾ' ಎಂಬುದನ್ನು ಬಹಳ ಹೊತ್ತು ನೋಡಿದಳು. ಚಕ್ರ ಯಾರನ್ನೂ ಬರಲಾ ಎಂದು ಕೇಳಿ ಬಂದವಳಲ್ಲ. ಪರದೆ ಸರಿಸುವ ಮೊದಲೇ ಅವಳ ದನಿ ಒಳಗೆ ಬಂದು ಕೂತಿರುತ್ತಿತ್ತು. ಅಂಥವಳೂ ಈಗ ಅಳುಕಿ ಬರೆದಿದ್ದಾಳೆ. ಅತ್ತೆ ಇಡೀ ಉತ್ತರವನ್ನು ಒಂದಕ್ಷರದಲ್ಲಿ ಮುಗಿಸಿದಳು. 'ಬಾ.'

ಮರುದಿನ ಮಧ್ಯಾಹ್ನ ನಾನೂ ಅಂಗಡಿಯಲ್ಲಿದ್ದೆ. ಅಜ್ಜಿಯ ಹಳೆಯ ಇನ್ನೊಂದು ಕನ್ನಡಕ ಕೊಟ್ಟು ಬರುವ ನೆಪ ಸಿಕ್ಕಿತ್ತು. ಚಕ್ರ ಬಂದಳು. ಯಜಮಾನರಿಗೆ ನಮಸ್ಕಾರ ಹೇಳಿ, ಅವರ ತಲೆಕೂದಲು ಕಡಿಮೆಯಾಗಿದೆ ಎಂದೂ ಹೇಳಿ, ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಗೋಡೆಯ ಮೇಲಿನ ಅಕ್ಷರಗಳನ್ನು ಸರಾಗವಾಗಿ ಓದಿದಳು. ಕೈಗೆ ಕೊಟ್ಟ ಚೀಟಿಯನ್ನು ಮಾತ್ರ ತೋಳು ಮುಗಿಯುವವರೆಗೆ ದೂರ ಹಿಡಿದಳು. ವಯಸ್ಸಾಯ್ತಮ್ಮ ಎಂದರು ಯಜಮಾನರು. ನಿಮ್ಮ ಚೀಟಿ ಸರಿಯಿಲ್ಲ ಎಂದಳು ಇವಳು.

ಅತ್ತೆ ಅಷ್ಟು ಹೊತ್ತೂ ಪರದೆಯ ಹಿಂದೆಯೇ ಇದ್ದಳು. ಪರದೆಯ ಪಕ್ಕದಲ್ಲೇ ನಿಂತಿದ್ದ ನನಗೆ ಸಂದಿಯಿಂದ ಕಾಣುತ್ತಿದ್ದಳು. ಒಂದೇ ಸ್ಕ್ರೂವನ್ನು ಬಿಚ್ಚುತ್ತಿದ್ದಳು, ಬಿಗಿಯುತ್ತಿದ್ದಳು.

ಪವರ್ ಗೊತ್ತಾದರೆ ಸಾಲದು. ಎರಡು ಕಣ್ಣಿನ ಪಾಪೆಗಳ ನಡುವಿನ ದೂರವನ್ನೂ ಅಳೆಯಬೇಕು, ಇಲ್ಲದಿದ್ದರೆ ಓದುವ ಗಾಜು ತಲೆ ಸುತ್ತಿಸುತ್ತದೆ. ಆ ಅಳತೆ ಅತ್ತೆಯ ಕೆಲಸ. ಯಜಮಾನರು ಚಕ್ರಳನ್ನು ಒಳಗೆ ಕಳಿಸಿದರು. ಅವಳು ಪರದೆ ಸರಿಸಿ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು. ಅತ್ತೆ ತನ್ನ ಸ್ಟೂಲನ್ನು ಅವಳೆದುರಿಗೆ ಎಳೆದುಕೊಂಡು, ಪುಟ್ಟ ಅಳತೆಪಟ್ಟಿಯನ್ನು ಅವಳ ಮೂಗಿನ ಮೇಲೆ ಅಡ್ಡ ಹಿಡಿದಳು. ಇದರಲ್ಲಿ ಇಬ್ಬರೂ ತೋಳಿನಳತೆಯಲ್ಲಿ ಕೂತು ಒಬ್ಬರ ಕಣ್ಣನ್ನೊಬ್ಬರು ನೆಟ್ಟಗೆ ನೋಡಲೇಬೇಕು. ಬೇರೆ ದಾರಿಯಿಲ್ಲ.

"ನನ್ನ ಎಡಗಣ್ಣು ನೋಡು," ಅಂದಳು ಅತ್ತೆ, ತನ್ನ ಬಲಗಣ್ಣು ಮುಚ್ಚಿ.

ಚಕ್ರ ನೋಡಿದಳು.

"ಈಗ ಬಲಗಣ್ಣು."

"ನೋಡ್ತಾನೇ ಇದೀನಲ್ಲೇ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ರೆ ಏನು ಅಳೀತೀಯ?"

ಅತ್ತೆ ಪಟ್ಟಿ ಇಳಿಸಿ ತೋಳಿನಿಂದ ಮುಖ ಒರೆಸಿಕೊಂಡಳು. ಅಳತೆ ತಪ್ಪಿಹೋಗಿತ್ತು.

"ಆ ದಿನ ಬರಬೇಕಿತ್ತು. ಬಟ್ಟೆ ಹಾಕ್ಕೊಂಡು ಕೂತಿದ್ದೆ ಕಣೇ," ಅಂದಳು. "ನೀನು ಎಲ್ಲರಿಗೂ ಒಂದೇ ಮಾತು ಕಳಿಸಿದ್ದೆ. ನನ್ನ ಬಾ ಅಂದ್ಯೋ ಇಲ್ವೋ ಗೊತ್ತಾಗ್ಲಿಲ್ಲ."

"ನಿನ್ನ ಬೇರೆ ಕರೀಬೇಕಾ? ಬಡಿಸೋಕೆ ನೀನಿರ್ತೀಯ ಅಂತ ನಾನು ಅಂದ್ಕೊಂಡಿದ್ರೆ, ಬೆಳಗಿಂದ ಒಬ್ಳೇ ಸಾಯ್ತಾ ಇದ್ದೆ." ಚಕ್ರ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆಮೇಲೆ ಬಂತು ನೋಡು ನಿನ್ನ ಮೆಸೇಜು. ತಮ್ಮ ನೂತನ ಮನೆ, ಅನ್ಯಥಾ, ವಿನಂತಿ. ನಾನೂ ನಮ್ಮನೆಯವರೂ ಎರಡು ಸಲ ಓದಿದ್ವಿ. ಸರ್ಕಾರಿ ಕಾಗದ ಬಂದ್ರೆ ಹೆಬ್ಬೆಟ್ಟು ಒತ್ತದೆ ಇನ್ನೇನು ಮಾಡ್ಲಿ?"

ಅತ್ತೆಗೆ ನಗು ಬಂತು. ತಡೆಯಲು ನೋಡಿದಳು, ಮೂಗಿನಿಂದ ಬಂತು. ಆಮೇಲೆ ಇಬ್ಬರೂ ನಕ್ಕರು, ಮುಂದುಗಡೆ ಕನ್ನಡಿಯ ಎದುರು ಕೂತ ಗಿರಾಕಿ ತನ್ನನ್ನೇ ನೋಡಿ ನಕ್ಕರೇನೋ ಎಂದು ಫ್ರೇಮ್ ಬದಲಿಸುವಷ್ಟು.

ನಗು ಇಳಿದ ಮೇಲೆ ಚಕ್ರ ಹೇಳಿದಳು, "ಅಷ್ಟು ಉಜ್ಜಬಾರದು ಕಣೇ. ಗಾಜನ್ನೇ ಜಾಸ್ತಿ ಉಜ್ಜಿದ್ರೆ ಫ್ರೇಮಲ್ಲಿ ನಿಲ್ಲಲ್ಲ, ಉದುರುತ್ತೆ. ನಿನಗೆ ಹೇಳಿಕೊಡಬೇಕಾ?"

ಅವಳಿಗೂ ಒಳಗೆ ಏನೋ ಇತ್ತೆಂದು ಮಾತಿನ ನಡುವೆ ತಿಳಿಯಿತು. ಹೊಸ ಅಂಗಡಿಯಲ್ಲಿ ಉಜ್ಜುವುದೆಲ್ಲ ಮೆಶಿನ್ನೇ, ಅದರ ಪಕ್ಕ ಗುಂಡಿ ಒತ್ತುತ್ತಾ ಕೂತರೆ ಮಾತಿಗೆ ಯಾರೂ ಇಲ್ಲ. ಇಲ್ಲಿ ತನ್ನ ಜಾಗ ತುಂಬಿ, ತನ್ನ ನೆನಪೂ ಇರದೇನೋ ಎಂದುಕೊಂಡಿದ್ದಳಂತೆ. ಅಂಗಡಿಯ ಫೋನಿನಿಂದ ತಾನೇ ಬರೆದಿಟ್ಟ ಮಾತು ತನಗೇ ಬಂದಾಗ, ಯಾರೋ ಗೊತ್ತಿಲ್ಲದವರು ತಪ್ಪಿ ಕಳಿಸಿದ್ದಾರೆಂದುಕೊಂಡು, ಆ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಉತ್ತರ ಕೊಟ್ಟಳಂತೆ. 'ಎಷ್ಟಾಗಿದ್ಯೇ' ನೋಡಿದಾಗ ಕೈಯಲ್ಲಿದ್ದ ಪಾತ್ರೆ ಹಾಗೇ ಸಿಂಕಿನಲ್ಲಿ ಬಿಟ್ಟಳಂತೆ. ಇದನ್ನೆಲ್ಲ ಅವಳು ತನ್ನ ಮಾಮೂಲಿ ದನಿಯಲ್ಲೇ ಹೇಳಿದ್ದರಿಂದ ನಾನು ಕದ್ದು ಕೇಳಿದೆ ಎನ್ನುವಂತಿಲ್ಲ.

ಎರಡನೆಯ ಸಲ ಅಳತೆ ಸರಿಯಾಗಿ ಬಂತು. ಹಸಿರು ಫ್ರೇಮು ಕಪಾಳಕ್ಕೆ ಒತ್ತಲಿಲ್ಲ. ಅದರ ಗಾಜು ಮಾತ್ರ ಬದಲಾಗಬೇಕಿತ್ತು. ಚಕ್ರ ಏಪ್ರನ್ ಹುಡುಕಿ ಕಟ್ಟಿಕೊಂಡು, ಸರಿ ಕೊಡು, ನನ್ನದನ್ನು ನಾನೇ ಉಜ್ಜಿಕೊಳ್ಳುತ್ತೇನೆ, ನೀನು ಕೂರಿಸು ಎಂದು ಚಕ್ರದ ಮುಂದೆ ಹೋಗಿ ಕೂತಳು. ನೀರು ಹನಿಯಿತು, ಕರಕರ ಶುರುವಾಯಿತು. ಅದರ ಮೇಲೆ ನಾದಿನಿಯ ಹೊಸ ಸಮಾಚಾರ ಶುರುವಾಯಿತು. ನಾನು ಮನೆಗೆ ಹೊರಟೆ.

ಇದಾಗಿ ಕೆಲವು ತಿಂಗಳಾಯಿತು. ಅತ್ತೆಯ ಹೆದರಿಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊನ್ನೆ ಅಪ್ಪನಿಗೆ ತರಕಾರಿ ಹೇಳುವಾಗಲೂ ಎರಡು ಸಲ ಅಳಿಸಿದಳು. ಆದರೆ ಮೊದಲು ಬರೆದದ್ದನ್ನೇ ಕಳಿಸಿಬಿಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ, ಮೊದಲು ಚಕ್ರಳಿಗೆ, ಆಮೇಲೆ ನಮಗೆ. ಕಳಿಸಿ ಉತ್ತರ ಬರುವವರೆಗೆ ಏನಾದರೂ ಬಿಚ್ಚಿ ಜೋಡಿಸುತ್ತಿರುತ್ತಾಳೆ. ನಮ್ಮ ಮನೆಯಲ್ಲಿ ಈಗ ಸಡಿಲವಾದ ಹಿಡಿಕೆ, ಅಲ್ಲಾಡುವ ಕುರ್ಚಿ ಒಂದೂ ಇಲ್ಲ.

ಕಳೆದ ಭಾನುವಾರ ಅತ್ತೆ ಸೇತುವೆಯ ಆಚೆಯ ಮನೆಗೆ ಊಟಕ್ಕೆ ಹೋದಳು. ಬೇರೆ ಕರೆಯಲೆಂದು ಕಾಯಲಿಲ್ಲ. ನಾನೇ ಬಡಿಸ್ತೀನಿ ಎಂದು ತಾನೇ ಬರೆದು ಹೊರಟಳು. ಮಧ್ಯಾಹ್ನ ಅಜ್ಜಿ ನನ್ನ ಕೈಲಿ, ರಾತ್ರಿ ಊಟಕ್ಕೆ ಮನೆಗೆ ಬರುತ್ತಾಳಾ ಕೇಳು ಎಂದು ಮೆಸೇಜ್ ಹಾಕಿಸಿದಳು. ಹಾಕಿದೆ. ಉತ್ತರವಿಲ್ಲ. ಓದಿದ ಗುರುತೂ ಇಲ್ಲ. ಸಂಜೆಯವರೆಗೆ ನಾನು ಫೋನು ತೆಗೆದು ತೆಗೆದು ನೋಡಿದೆ. ಅಜ್ಜಿ ನನ್ನನ್ನು ನೋಡಿ, ನಿನಗೂ ಒಂದು ಸ್ಕ್ರೂಡ್ರೈವರ್ ಕೊಡಲಾ ಎಂದು ಕೇಳಿದಳು.

ಬಿಸಿಲು ಇಳಿಯುವ ಹೊತ್ತಿಗೆ ಬಂತು, ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲದೆ: 'ಈಗ ನೋಡ್ದೆ ಫೋನು ಎಲ್ಲೋ ಇಟ್ಟಿದ್ದೆ ಸೇತುವೆ ಮೇಲಿದೀವಿ ಇವಳೂ ಬರ್ತಿದಾಳೆ ನೀರು ಜಾಸ್ತಿ ಇಡು'

ನಾನು ಅದನ್ನು ಗಟ್ಟಿಯಾಗಿ ಓದಿದೆ. ಅಜ್ಜಿ ಚಹಾದ ಪಾತ್ರೆಯನ್ನು ಇಳಿಸಿ ಅದಕ್ಕಿಂತ ದೊಡ್ಡದನ್ನು ಒಲೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ, ಬೀದಿಯ ತಿರುವಿನಲ್ಲಿ ಇನ್ನೂ ಯಾರೂ ಕಾಣಿಸುವ ಮೊದಲೇ, ಆ ದೊಡ್ಡ ದನಿ ನಮ್ಮ ಅಡುಗೆಮನೆಗೆ ಕೇಳಿಸಿತು. ಅದರ ನಡುನಡುವೆ ಅತ್ತೆಯದೂ.